ಫೋನ್ ಗುಜರಿಗೆ ಹೋಯಿತು, ಡಬ್ಬಿ ಮಾತ್ರ ಉಳಿಯಿತು: ಖಾಲಿ ಡಬ್ಬಿ ಎಸೆಯಲು ಯಾಕೆ ಮನಸ್ಸು ಬರುವುದಿಲ್ಲ?

ಮಂಚದಡಿ
ಒಂದು ಪ್ರಶ್ನೆ ಕೇಳುತ್ತೇನೆ, ನಗಬೇಡಿ. ಖಾಲಿ ಡಬ್ಬಿಗಳನ್ನು ನೀವೂ ಕೂಡಿಡುತ್ತೀರಾ? ಸಾಮಾನು ತುಂಬಿದ ಡಬ್ಬಿಯ ಮಾತಲ್ಲ, ಬರೀ ಖಾಲಿ. ಫೋನ್ ಬಂದದ್ದು, ಇಯರ್‌ಫೋನ್ ಬಂದದ್ದು, ವಾಚ್ ಬಂದದ್ದು. ಮಂಚದ ಕೆಳಗೆ ಪೊರಕೆ ಹಾಕಲು ಜಾಗವಿಲ್ಲ. ಒಂದು ಫೋನ್ ಅಂತೂ ನೀರಿಗೆ ಬಿದ್ದು ಸತ್ತು ಗುಜರಿಗೂ ಹೋಯಿತು, ಅದರ ಡಬ್ಬಿ ಇನ್ನೂ ಹೊಚ್ಚ ಹೊಸದು.

ಎಸೆಯೋಣ ಅಂತ ಕೈಗೆ ತೆಗೆದುಕೊಳ್ಳುತ್ತೇನೆ. ಗಟ್ಟಿ ರಟ್ಟು, ನಯವಾದ ಮೈ, ಒಳಗೆ ಫೋನ್ ಮಲಗಿದ್ದ ಗುಳಿ. ಇಷ್ಟು ಚೆನ್ನಾಗಿದೆಯಲ್ಲ, ಏನಕ್ಕಾದರೂ ಆಗುತ್ತದೆ ಅನಿಸುತ್ತದೆ. ಇದುವರೆಗೆ ಏನಕ್ಕೂ ಆಗಿಲ್ಲ. ಆ ಗುಳಿಯಲ್ಲಿ ಆ ಫೋನ್ ಬಿಟ್ಟು ಬೇರೆ ಏನೂ ಕೂರುವುದೂ ಇಲ್ಲ.

ತಲೆ ಕೊರೆಯುತ್ತಿರುವುದು ಇಷ್ಟೇ. ವಸ್ತುವನ್ನು ಹಿಂದೆ ಮುಂದೆ ನೋಡದೆ ಬದಲಾಯಿಸುತ್ತೇವೆ. ಅದು ಬಂದ ರಟ್ಟನ್ನು ಬಿಡಲು ಯಾಕೆ ಆಗುವುದಿಲ್ಲ? ಇದು ನಮ್ಮ ಗುಣವೋ, ಡಬ್ಬಿ ಮಾಡುವವರ ಕೈಚಳಕವೋ?

ಅಟ್ಟದಗುಬ್ಬಿ
ಅಯ್ಯೋ, ನಾನೊಬ್ಬಳೇ ಅಂದುಕೊಂಡಿದ್ದೆ.

ಲೆಕ್ಕಾಚಾರ
ಇದರಲ್ಲಿ ಮನಶ್ಶಾಸ್ತ್ರ ಏನೂ ಇಲ್ಲ. ಡಬ್ಬಿ ಇದ್ದರೆ ಹಳೇ ಫೋನಿಗೆ ಸ್ವಲ್ಪ ಜಾಸ್ತಿ ಬೆಲೆ ಸಿಗುತ್ತದೆ. ಕೊಳ್ಳುವವನಿಗೆ ಇದು ಕದ್ದ ಮಾಲಲ್ಲ ಅನ್ನುವ ಧೈರ್ಯ ಬರುತ್ತದೆ. ಡಬ್ಬಿಯ ಮೇಲೆ ಐಎಂಇಐ ನಂಬರ್, ಅಂದರೆ ಆ ಒಂದು ಫೋನಿನ ಗುರುತಿನ ಸಂಖ್ಯೆ ಇರುತ್ತದೆ, ಫೋನ್ ಕಳೆದರೆ ದೂರು ಕೊಡಲು ಅದು ಬೇಕು. ಗ್ಯಾರಂಟಿಗೂ ಬೇಕು.

ತಗಾದೆತಿಮ್ಮ
ಗ್ಯಾರಂಟಿಗೆ ಬೇಕಾದದ್ದು ಬಿಲ್ಲು ಸ್ವಾಮಿ, ರಟ್ಟಲ್ಲ. ಐಎಂಇಐ ಬೇಕಾದರೆ ಫೋನಿನಲ್ಲಿ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ, ಬಂದದ್ದನ್ನು ಬರೆದಿಟ್ಟುಕೊಳ್ಳಿ. ಇಲ್ಲವೇ ಡಬ್ಬಿಯ ಚೀಟಿಯ ಫೋಟೋ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಯಾರೂ ಮಾಡುವುದಿಲ್ಲ, ಯಾಕೆಂದರೆ ಮಾಡಿದರೆ ಡಬ್ಬಿ ಇಟ್ಟುಕೊಳ್ಳಲು ನೆಪ ಉಳಿಯುವುದಿಲ್ಲ.

ಮಾರುತ್ತೇನೆ ಅನ್ನುವವರಿಗೆ ಒಂದು ಪ್ರಶ್ನೆ. ಫೋನ್ ಮಾರುತ್ತೀರಿ ಸರಿ, ಚಾರ್ಜರ್ ಡಬ್ಬಿ ಯಾಕೆ ಇಟ್ಟಿದ್ದೀರಿ? ಬಲ್ಬಿನ ಡಬ್ಬಿ?

ಲೆಕ್ಕಾಚಾರ
ತಿಮ್ಮಣ್ಣ, ನನ್ನ ಸ್ಪೀಕರ್ ಕೆಟ್ಟಾಗ ಒಂದು ಕಂಪನಿಯವರು ಮೂಲ ಬಾಕ್ಸಿನಲ್ಲೇ ಕಳಿಸಿ ಅಂತ ಹಟ ಹಿಡಿದರು. ಬಾಕ್ಸ್ ಇತ್ತು, ಕಳಿಸಿದೆ, ರಿಪೇರಿ ಆಯಿತು. ನೆಪ ಗಿಪ ಎಲ್ಲ ನಿಮ್ಮ ಕಲ್ಪನೆ.

ಸ್ಕ್ರೂಡ್ರೈವರ್
ಕೈಚಳಕದ ವಿಷಯಕ್ಕೆ ಬರುತ್ತೇನೆ. ದುಬಾರಿ ಫೋನಿನ ಡಬ್ಬಿಯನ್ನು ಮೇಲಿನಿಂದ ಹಿಡಿದು ಎತ್ತಿ ನೋಡಿ. ಕೆಳಗಿನ ಭಾಗ ದಡ್ ಅಂತ ಬೀಳುವುದಿಲ್ಲ, ನಿಧಾನಕ್ಕೆ ಜಾರುತ್ತದೆ. ಮುಚ್ಚಳಕ್ಕೂ ತಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ಡಬ್ಬಿ ತೆರೆಯಬೇಕಾದರೆ ಆ ಸಂದಿನಿಂದ ಗಾಳಿ ಒಳಗೆ ನುಗ್ಗಬೇಕು. ಸಂದು ಸಣ್ಣದಾದಷ್ಟೂ ಗಾಳಿ ತಡವಾಗಿ ಬರುತ್ತದೆ, ಅಷ್ಟು ಹೊತ್ತು ನೀವು ಉಸಿರು ಹಿಡಿದು ನೋಡುತ್ತಾ ಕೂರುತ್ತೀರಿ. ಇದು ಅಕಸ್ಮಾತ್ ಆದದ್ದಲ್ಲ. ರಟ್ಟಿನ ದಪ್ಪ, ಮಡಿಕೆ, ಒಳಮೈಯ ಕಾಗದದ ಜಾರಿಕೆ ಎಲ್ಲ ಲೆಕ್ಕ ಹಾಕಿ ಮಾಡಿದ್ದು. ಅಗ್ಗದ ಸಾಮಾನಿನ ಬಾಕ್ಸಿಗೆ ಈ ಖರ್ಚು ಯಾರೂ ಮಾಡುವುದಿಲ್ಲ. ಅದಕ್ಕೇ ಬಲ್ಬಿನ ಡಬ್ಬಿಯನ್ನು ಹರಿದು ತೆಗೆಯುತ್ತೇವೆ, ಫೋನಿನದನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯುತ್ತೇವೆ.

ಕಾಗದದಹುಲಿ
ಸ್ಕ್ರೂಡ್ರೈವರ್ ಹೇಳಿದ್ದಕ್ಕೆ ಹಳೇ ಬೇರು ಇದೆ. ಲೂಯಿಸ್ ಚೆಸ್ಕಿನ್ ಅಂತ ಅಮೆರಿಕದ ಒಬ್ಬ ಸಂಶೋಧಕ ಕಳೆದ ಶತಮಾನದಲ್ಲೇ ಇದನ್ನು ಹಿಡಿದಿದ್ದ. ಪೊಟ್ಟಣ ನೋಡಿ ಹುಟ್ಟಿದ ಭಾವನೆಯನ್ನು ಜನ ತಮಗೇ ಗೊತ್ತಿಲ್ಲದೆ ಒಳಗಿನ ವಸ್ತುವಿನ ಮೇಲೆ ಹಾಕುತ್ತಾರೆ ಅನ್ನುವುದು ಅವನ ವಾದ. ಅಂದರೆ ಡಬ್ಬಿ ಚೆನ್ನಾಗಿದ್ದರೆ ಮಾಲೂ ಚೆನ್ನಾಗಿದೆ ಅನಿಸುತ್ತದೆ.

ಇನ್ನು ಇಟ್ಟುಕೊಳ್ಳುವ ವಿಷಯ. ಚಾಕೊಲೇಟಿಗೆ ಹೃದಯದ ಆಕಾರದ ಡಬ್ಬಿ ಮಾಡಿಸಿದ್ದು ರಿಚರ್ಡ್ ಕ್ಯಾಡ್‌ಬರಿ, 1868ರಲ್ಲಿ. ಚಾಕೊಲೇಟ್ ಮುಗಿಯುತ್ತದೆ. ಹೂವು ಹಕ್ಕಿ ಚಿತ್ರದ ಡಬ್ಬಿ ಉಳಿಯುತ್ತದೆ, ಅದರಲ್ಲಿ ಪ್ರೇಮಪತ್ರ, ರಿಬ್ಬನ್ನು, ಕೂದಲ ಎಳೆ ಇಟ್ಟುಕೊಳ್ಳುತ್ತಿದ್ದರು. ಬ್ರಿಟನ್ನಿನ ಬಿಸ್ಕತ್ತಿನ ಕಂಪನಿಗಳೂ ಪುಸ್ತಕದ ಆಕಾರ, ಹೂದಾನಿಯ ಆಕಾರ ಅಂತ ತಗಡಿನ ಡಬ್ಬಿ ಮಾಡಿಸಿದವು. ಮಾಲು ತಿಂದು ಮುಗಿಸಿದ ಮೇಲೂ ಕಂಪನಿಯ ಹೆಸರು ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರಲಿ ಅಂತ. ಬಾಡಿಗೆ ಇಲ್ಲದ ಜಾಹೀರಾತು ಫಲಕ. ಮಂಚದಡಿಯವರೇ, ನಿಮ್ಮ ಮಂಚದ ಕೆಳಗೆ ಇರುವುದೂ ಅದೇ.

ಮಂಚದಡಿ
ಮಂಚದ ಕೆಳಗಿನ ಜಾಹೀರಾತು ಯಾರು ನೋಡುತ್ತಾರೆ ಮಾರಾಯರೇ, ಜಿರಳೆಯಾ?

ಅಟ್ಟದಗುಬ್ಬಿ
ತಗಡಿನ ಬಿಸ್ಕತ್ತು ಡಬ್ಬಿ ಅಂದರೆ ಸೂಜಿ ದಾರ. ಮುಚ್ಚಳ ತೆಗೆದು ಆಸೆಯಿಂದ ಇಣುಕಿ ನಿರಾಸೆ ಆಗದ ಮಗು ಈ ಭೂಮಿಯ ಮೇಲೆ ಇಲ್ಲ.

ಬೆಕ್ಕಿನಮ್ಮ
ಗುಂಡಿ ಡಬ್ಬಿ ಬೇರೆ, ಸೂಜಿ ಡಬ್ಬಿ ಬೇರೆ. ಎರಡೂ ಬಿಸ್ಕತ್ತಿನದೇ. 😄

ಜಿರಳೆ ಅಂದಿರಲ್ಲ, ಅದು ತಮಾಷೆಯಲ್ಲ. ಜಿರಳೆಗೂ ಬೆಳ್ಳಿಮೀನು ಹುಳಕ್ಕೂ ರಟ್ಟಿನ ಪಿಷ್ಟದ ಅಂಟು ಊಟ. ಸುಕ್ಕು ರಟ್ಟಿನ ಒಳಗಿನ ಕೊಳವೆಗಳು ಮೊಟ್ಟೆ ಇಡಲು ಹೇಳಿ ಮಾಡಿಸಿದ ಜಾಗ. ರಟ್ಟಿನ ಡಬ್ಬಿ ಇಡಲೇಬೇಕು ಅಂದರೆ ನೆಲದ ಮೇಲೆ ಇಡಬೇಡಿ, ತೇವ ಇರುವ ಗೋಡೆಗೆ ಒರಗಿಸಬೇಡಿ.

ಡಬ್ಬಿಯಿಂದ ನಿಜವಾಗಿ ಉಪಯೋಗ ಪಡೆಯುವ ಪ್ರಾಣಿ ಒಂದೇ, ಬೆಕ್ಕು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿಗಳ ಆಶ್ರಯತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಅಡಗಿಕೊಳ್ಳಲು ಡಬ್ಬಿ ಸಿಕ್ಕ ಬೆಕ್ಕುಗಳ ಗಾಬರಿ ಬೇಗ ಇಳಿಯಿತು, ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು. ನನ್ನ ಬೆಕ್ಕಿಗೆ ಮೆತ್ತನೆ ಹಾಸಿಗೆ ತಂದೆ. ಅದು ಹಾಸಿಗೆ ಬಿಟ್ಟು ಹಾಸಿಗೆ ಬಂದ ಡಬ್ಬಿಯಲ್ಲಿ ಮಲಗುತ್ತದೆ.

ನೂರೆಂಟು
ಮಕ್ಕಳೂ ಅಷ್ಟೇ. ಆಟಿಕೆ ತಂದುಕೊಡಿ, ಅದು ಒಂದು ಗಂಟೆ. ಡಬ್ಬಿ ವಾರಗಟ್ಟಲೆ. ಮೊದಲು ಬಸ್ಸು, ಆಮೇಲೆ ಮನೆ, ಆಮೇಲೆ ಆಮೆ. ಇದು ಸುಮ್ನೆ ಹೇಳುವುದಲ್ಲ. ಅಮೆರಿಕದ ರಾಚೆಸ್ಟರಿನಲ್ಲಿ ದಿ ಸ್ಟ್ರಾಂಗ್ ಅನ್ನುವ ಆಟದ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ನ್ಯಾಷನಲ್ ಟಾಯ್ ಹಾಲ್ ಆಫ್ ಫೇಮಿಗೆ, ಅಂದರೆ ಆಟಿಕೆಗಳ ಗೌರವಪಟ್ಟಿಗೆ, 2005ರಲ್ಲಿ ರಟ್ಟಿನ ಡಬ್ಬಿಯನ್ನು ಸೇರಿಸಿದರು. 2008ರಲ್ಲಿ ಕೋಲನ್ನು ಸೇರಿಸಿದರು. ಬರೀ ಕೋಲು! ಬಿದ್ದಿರುತ್ತದಲ್ಲ, ಅದೇ.

ತಗಾದೆತಿಮ್ಮ
ಅದೇ ನನ್ನ ಮಾತು. ಮಗುವಿಗೂ ಬೆಕ್ಕಿಗೂ ಡಬ್ಬಿ ಬೇಕು, ಯಾಕೆಂದರೆ ಅವು ಉಪಯೋಗಿಸುತ್ತವೆ. ನಾವು ಉಪಯೋಗಿಸುವುದಿಲ್ಲ, ಕಾವಲು ಕಾಯುತ್ತೇವೆ. ಒಂದು ಸಾಮಾನು ಕೊಂಡು ಎರಡು ಸಾಮಾನು ಇಟ್ಟುಕೊಳ್ಳುವುದು ಯಾವ ಬುದ್ಧಿವಂತಿಕೆ? ಇಯರ್‌ಫೋನ್ ಹೆಬ್ಬೆರಳಿನಷ್ಟಿದೆ, ಬಾಕ್ಸು ಅಂಗೈ ತುಂಬ ಇದೆ. ಮೂಗಿಗಿಂತ ಮೂಗುತಿ ಭಾರ.

ಖಾಲಿಜಾಗ
ನಗುತ್ತಾ ಮಾತಾಡುತ್ತಿದ್ದೀರಿ, ಸ್ವಲ್ಪ ಹುಷಾರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಾಲಿಯರ್ ಅನ್ನುವ ಅಣ್ಣತಮ್ಮಂದಿರು ಇದ್ದರು. 1947ರಲ್ಲಿ ಇಬ್ಬರೂ ಮನೆಯೊಳಗೇ ಸತ್ತದ್ದು ಗೊತ್ತಾಯಿತು. ತಮ್ಮ ತಾನೇ ಪೇರಿಸಿದ ರಾಶಿ ಕುಸಿದು ಅಡಿಯಲ್ಲಿ ಸಿಕ್ಕಿದ್ದ. ಅಣ್ಣನಿಗೆ ಕಣ್ಣಿಲ್ಲ, ತಮ್ಮನೇ ಊಟ ಕೊಡಬೇಕಿತ್ತು. ಹೀಗಾಗಿ ಅಣ್ಣ ಹಸಿವಿನಿಂದ ಹೋದ. ಮನೆಯಿಂದ ತೆಗೆದ ಸಾಮಾನು 100 ಟನ್ನಿಗೂ ಜಾಸ್ತಿ. ಎಸೆಯಲಾರದೆ ಒದ್ದಾಡುವುದನ್ನು ಮನೋವೈದ್ಯರು ಈಗ ಪ್ರತ್ಯೇಕ ಕಾಯಿಲೆಯಾಗಿಯೇ ಪಟ್ಟಿ ಮಾಡಿದ್ದಾರೆ, 2013ರಿಂದ.

ಅಟ್ಟದಗುಬ್ಬಿ
ನಾಲ್ಕು ಡಬ್ಬಿ ಇಟ್ಟುಕೊಂಡವರನ್ನು ಅಲ್ಲಿಗೆ ತಂದು ನಿಲ್ಲಿಸಿದಿರಲ್ಲ! ಕಾಯಿಲೆಗೂ ಅಭ್ಯಾಸಕ್ಕೂ ವ್ಯತ್ಯಾಸ ಇದೆ. ಮನೆಯಲ್ಲಿ ಓಡಾಡಲು, ಅಡುಗೆ ಮಾಡಲು, ಮಲಗಲು ಜಾಗವೇ ಇಲ್ಲದ ಹಾಗಾಗಿ, ಎಸೆಯಬೇಕು ಅಂದರೆ ಸಂಕಟವಾದರೆ ಅದು ಕಾಯಿಲೆ. ಮಂಚದಡಿಯವರಿಗೆ ಪೊರಕೆ ಹೋಗುವುದಿಲ್ಲ, ಅಷ್ಟೇ.

ಖಾಲಿಜಾಗ
ಅಲ್ಲಿಂದಲೇ ಶುರು ಆಗುವುದು ಅಲ್ವಾ?

ಕಾಗದದಹುಲಿ
ಎಲ್ಲವೂ ಅಲ್ಲಿಂದ ಶುರು ಆಗುವುದಿಲ್ಲ. ಕೆಲವು ಸಲ ವಸ್ತುಸಂಗ್ರಹಾಲಯ ಶುರು ಆಗುತ್ತದೆ. ರಾಬರ್ಟ್ ಓಪಿ ಅನ್ನುವ ಹುಡುಗ 1963ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿ ಒಂದು ಮಿಠಾಯಿ ಪೊಟ್ಟಣ ಕೊಂಡು ತಿಂದ. ಕಾಗದ ಎಸೆಯುವ ಮುಂಚೆ ಹೊಳೆಯಿತು, ಇದನ್ನು ಎಸೆದರೆ ಒಂದು ಚೂರು ಇತಿಹಾಸ ಹೋಗುತ್ತದೆ ಅಂತ. ಇಟ್ಟುಕೊಂಡ. ಹಾಗೆ ಇಟ್ಟುಕೊಳ್ಳುತ್ತಾ ಹೋದದ್ದು ಇವತ್ತು ಲಂಡನ್ನಿನ ಮ್ಯೂಸಿಯಂ ಆಫ್ ಬ್ರಾಂಡ್ಸ್.

ರಾಜರ ಕತ್ತಿ ಕಿರೀಟ ಯಾರಾದರೂ ಕಾಪಾಡುತ್ತಾರೆ. ಸೋಪಿನ ಪೊಟ್ಟಣವನ್ನು ಯಾರೂ ಕಾಪಾಡುವುದಿಲ್ಲ, ಜನ ಕೈಯಲ್ಲಿ ಹಿಡಿದು ಬದುಕಿದ್ದು ಮಾತ್ರ ಸೋಪನ್ನೇ.

ಶಾಯಿಬಾಟಲಿ
ಕಲೆಯ ಕಡೆಯಿಂದ ನಾನೂ ಎರಡು ಮಾತು. ಅಮೆರಿಕದ ಕಲಾವಿದ ಆಂಡಿ ವಾರ್‌ಹಾಲ್ ಖಾಲಿ ರಟ್ಟಿನ ಡಬ್ಬಿಗಳನ್ನು ತಂದು ಗ್ಯಾಲರಿಯಲ್ಲಿ ಇಟ್ಟು ಇದೇ ಕಲೆ ಅಂದ. ಪಾತ್ರೆ ಉಜ್ಜುವ ಬ್ರಿಲೊ ಸ್ಕ್ರಬ್ಬರಿನ ಆ ಡಬ್ಬಿಗಳು ಈಗ ಯಾವ ಬೆಲೆಗೆ ಹೋಗುತ್ತವೆ ನೋಡಿ. ನಿಮ್ಮದನ್ನೂ ಎಸೆಯಬೇಡಿ. 😀

ಕಾಗದದಹುಲಿ
ರಟ್ಟಿನವಲ್ಲ. 1964ರಲ್ಲಿ ಅವನು ಇಟ್ಟದ್ದು ಪ್ಲೈವುಡ್ ಪೆಟ್ಟಿಗೆಗಳು, ಮೇಲೆ ಸ್ಕ್ರೀನ್ ಪ್ರಿಂಟಿಂಗ್. ನೋಡಲು ಅಂಗಡಿಯ ರಟ್ಟಿನ ಡಬ್ಬಿಯಂತೆಯೇ. ಕಥೆಯ ಕಹಿ ಭಾಗ ಬೇರೆ ಇದೆ. ಬ್ರಿಲೊ ಕಂಪನಿಗೆ ಮೂಲ ಡಬ್ಬಿಯ ವಿನ್ಯಾಸ ಮಾಡಿಕೊಟ್ಟವನು ಜೇಮ್ಸ್ ಹಾರ್ವೆ. ಅವನೂ ಚಿತ್ರಕಾರನೇ, ಹೊಟ್ಟೆಪಾಡಿಗೆ ಡಬ್ಬಿ ವಿನ್ಯಾಸ ಮಾಡುತ್ತಿದ್ದ. ಅವನ ಚಿತ್ರಗಳಿಂದ ಬರದ ಹೆಸರು ಅವನ ಡಬ್ಬಿಯಿಂದ ಇನ್ನೊಬ್ಬನಿಗೆ ಬಂತು.

ಶಾಯಿಬಾಟಲಿ
ಪ್ಲೈವುಡ್ಡೋ ರಟ್ಟೋ, ನನ್ನ ಮಾತು ನಿಲ್ಲುತ್ತದೆ. ಅದೂ ಅಲ್ಲದೆ ವಾರ್‌ಹಾಲ್ ನಿಜವಾದ ರಟ್ಟಿನ ಡಬ್ಬಿಯನ್ನೂ ಬಿಡಲಿಲ್ಲ. 1974ರಿಂದ ಸಾಯುವವರೆಗೆ ತನ್ನ ಮೇಜಿನ ಮೇಲಿನ ಕಸ, ಕಾಗದ, ರಸೀದಿ, ಪತ್ರ ಎಲ್ಲವನ್ನೂ ಡಬ್ಬಿಗೆ ಸುರಿದು ಅಂಟಿಸಿ ತಾರೀಖು ಹಾಕಿ ಗೋದಾಮಿಗೆ ಕಳಿಸುತ್ತಿದ್ದ. ಟೈಮ್ ಕ್ಯಾಪ್ಸೂಲ್ ಅಂತ ಹೆಸರು. 610 ಇವೆ, ಪಿಟ್ಸ್‌ಬರ್ಗಿನ ಅವನ ಹೆಸರಿನ ಮ್ಯೂಸಿಯಮ್ಮಿನಲ್ಲಿ. ಅದರಲ್ಲಿ ಬಹುಪಾಲು ಸಾಮಾನ್ಯ ರಟ್ಟಿನ ಡಬ್ಬಿಗಳೇ. ಮೇಜು ಒರೆಸಲು ಸೋಮಾರಿತನ ಇದ್ದವನು ಅದಕ್ಕೊಂದು ಹೆಸರಿಟ್ಟು ಕಲೆ ಮಾಡಿಕೊಂಡ ಅಂತಲೂ ಹೇಳಬಹುದು.

ತಗಾದೆತಿಮ್ಮ
ಅವನು ಕೂಡಿಟ್ಟರೆ ಕಲೆ, ನಾವು ಕೂಡಿಟ್ಟರೆ ಕಸ. ಸರಿ ಸರಿ.

ಹಡಗುಕಟ್ಟೆ
ಡಬ್ಬಿ ಅಂತ ಇಷ್ಟೊಂದು ಮಾತಾಡಿ ಎಲ್ಲಕ್ಕಿಂತ ದೊಡ್ಡ ಡಬ್ಬಿಯಾದ ಹಡಗಿನ ಕಂಟೇನರನ್ನೇ ಬಿಟ್ಟಿರಿ. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಅನ್ನುವ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆ ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೋಯಿತು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ವ್ಯಾಪಾರಿಯ ಉಪಾಯ. ಅದಕ್ಕೆ ಮೊದಲು ಹಡಗಿನ ಮಾಲನ್ನು ಮೂಟೆ ಮೂಟೆಯಾಗಿ ಕೂಲಿಯವರೇ ಹೊತ್ತು ತುಂಬಬೇಕಿತ್ತು, ದಿನಗಟ್ಟಲೆ ಹಿಡಿಯುತ್ತಿತ್ತು. ಡಬ್ಬಿ ಬಂದಮೇಲೆ ಸಾಗಣೆ ಎಷ್ಟು ಅಗ್ಗವಾಯಿತು ಅಂದರೆ ಎಲ್ಲಿಯೋ ಮಾಡಿದ್ದು ಎಲ್ಲಿಯೋ ಮಾರಿದರೂ ಲಾಭ. ಆ ದೊಡ್ಡ ಡಬ್ಬಿ ಇಲ್ಲದಿದ್ದರೆ ನಿಮ್ಮ ಈ ಸಣ್ಣ ಡಬ್ಬಿಗಳು ಇಷ್ಟೊಂದು ಇರುತ್ತಿರಲೇ ಇಲ್ಲ.

ನೂರೆಂಟು
ವಿಷಯ ಮಂಚದಿಂದ ಸಮುದ್ರಕ್ಕೆ ಹೋಯಿತು. ಇರಲಿ, ನಾನೂ ಒಂದು ಸೇರಿಸುತ್ತೇನೆ. ತಗಡಿನ ಡಬ್ಬಿಯಲ್ಲಿ ಆಹಾರ ಕಾಪಾಡುವುದಕ್ಕೆ ಪೀಟರ್ ಡುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಅದನ್ನು ತೆರೆಯುವ ಓಪನರ್ ಬಂದದ್ದು 1850ರ ದಶಕದಲ್ಲಿ. ನಡುವಿನ ನಲವತ್ತು ವರ್ಷ ಉಳಿ ಸುತ್ತಿಗೆ ತೆಗೆದುಕೊಂಡು ಕುಟ್ಟುವುದೇ. ಮುಚ್ಚುವುದು ಹೇಗೆ ಅಂತ ಯೋಚಿಸಿದವರು ತೆರೆಯುವುದನ್ನು ಗಿರಾಕಿಗೆ ಬಿಟ್ಟರು.

ಸ್ಕ್ರೂಡ್ರೈವರ್
ನೂರೆಂಟು ಅವರೇ, ವಿಷಯ ಇರುವುದೇ ಅಲ್ಲಿ. ಈಗಲೂ ಹಾಗೇ, ಜಾಗ ಮಾತ್ರ ಬದಲಾಗಿದೆ.

ರಿಪೇರಿ ನನ್ನ ಹೊಟ್ಟೆಪಾಡು, ಹಾಗಾಗಿ ದಿನಾ ನೋಡುತ್ತೇನೆ. ಡಬ್ಬಿ ತೆರೆಯಲು ಉಪಕರಣ ಬೇಡ, ಎಷ್ಟು ಸಲ ಬೇಕಾದರೂ ತೆರೆದು ಮುಚ್ಚಬಹುದು, ಏನೂ ಮುರಿಯುವುದಿಲ್ಲ. ಒಳಗಿನ ಫೋನ್? ಬಿಸಿ ಗಾಳಿ ಕೊಟ್ಟು ಅಂಟು ಕರಗಿಸಬೇಕು, ತೆಳ್ಳಗಿನ ಪಟ್ಟಿ ತೂರಿಸಬೇಕು, ಕೈ ಸ್ವಲ್ಪ ಜಾರಿದರೆ ಗಾಜು ಒಡೆಯುತ್ತದೆ. ಬ್ಯಾಟರಿ ಅಂದರೆ ಸವೆಯುವ ಭಾಗ, ಸವೆದೇ ಸವೆಯುತ್ತದೆ ಅಂತ ಮಾಡುವವರಿಗೆ ಗೊತ್ತು. ಅದನ್ನೇ ಅಂಟು ಹಾಕಿ ಕೂರಿಸುತ್ತಾರೆ. ಇಯರ್‌ಬಡ್ ಅಂತೂ ಕೇಳಲೇಬೇಡಿ, ತೆರೆದರೆ ಬಹುಪಾಲು ಮುಗಿದ ಹಾಗೇ. ತೆರೆಯುವ ಖುಷಿ ಎಲ್ಲವನ್ನೂ ರಟ್ಟಿಗೆ ಕೊಟ್ಟು ವಸ್ತುವಿಗೆ ಬೀಗ ಹಾಕಿದ್ದಾರೆ.

ಮಂಚದಡಿಯವರ ಪ್ರಶ್ನೆಗೆ ನನ್ನ ಉತ್ತರ ಇದು. ನೀವು ಕೊಂಡದ್ದರಲ್ಲಿ ಪೂರ್ತಿ ನಿಮ್ಮ ಕೈಗೆ ಸಿಗುವ ಭಾಗ ಡಬ್ಬಿ ಒಂದೇ. ಅದನ್ನು ಬಿಚ್ಚಬಹುದು, ಕತ್ತರಿಸಬಹುದು, ಅಂಟಿಸಬಹುದು, ಅದರ ಮೇಲೆ ಬರೆಯಬಹುದು. ಫೋನಿನ ಜೊತೆ ಇದ್ಯಾವುದೂ ಆಗುವುದಿಲ್ಲ. ವಸ್ತು ಕೈಯಲ್ಲಿದ್ದರೂ ಅವರದೇ ಅನಿಸುತ್ತದೆ, ಡಬ್ಬಿ ನಮ್ಮದು ಅನಿಸುತ್ತದೆ. ನಮ್ಮದು ಅನಿಸಿದ್ದನ್ನು ಎಸೆಯಲು ಕಷ್ಟ.

ಮಂಚದಡಿ
ಇದು ನನಗೆ ಹೊಳೆದಿರಲಿಲ್ಲ.

ಲೆಕ್ಕಾಚಾರ
ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಅಂಟು ಹಾಕುವುದಕ್ಕೆ ಕಾರಣ ಇದೆ. ನೀರು ಧೂಳು ಹೋಗಬಾರದು, ತೆಳ್ಳಗಿರಬೇಕು ಅಂತ ಕೇಳಿದವರು ನಾವೇ. ತೆಳ್ಳಗಿರುವುದನ್ನು ಕೊಂಡು ದಪ್ಪಗಿರುವುದನ್ನು ಅಂಗಡಿಯಲ್ಲೇ ಬಿಟ್ಟು ಬಂದವರು ಕಂಪನಿಯನ್ನು ಬೈಯುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ.

ಸ್ಕ್ರೂಡ್ರೈವರ್
ನೀರು ಹೋಗದ ವಾಚುಗಳಿಗೆ ಸ್ಕ್ರೂ, ರಬ್ಬರ್ ಉಂಗುರ ಹಾಕಿ ದಶಕಗಟ್ಟಲೆ ನಡೆಸಿಲ್ಲವೇ? ಮಾಡಲು ಆಗುತ್ತದೆ, ಮಾಡಿ ಅಂತ ಹೇಳುವವರು ಬೇಕು. ಫ್ರಾನ್ಸ್ 2021ರಿಂದ ಫೋನ್, ಲ್ಯಾಪ್‌ಟಾಪ್ ಮುಂತಾದವಕ್ಕೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಎಷ್ಟು ಅಂಕ ಅನ್ನುವುದನ್ನು ಮಾರುವ ಜಾಗದಲ್ಲೇ ತೋರಿಸಬೇಕು ಅಂತ ಕಾನೂನು ಮಾಡಿತು. ಐರೋಪ್ಯ ಒಕ್ಕೂಟದ ಬ್ಯಾಟರಿ ನಿಯಮ 2023ರಲ್ಲಿ ಬಂತು. ಅದರ ಪ್ರಕಾರ 2027ರ ಫೆಬ್ರವರಿ 18ರಿಂದ ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯಲು ಆಗಬೇಕು. ವಿನಾಯಿತಿಗಳೂ ಇವೆ, ಇಲ್ಲ ಅನ್ನುವುದಿಲ್ಲ.

ಶಾಯಿಬಾಟಲಿ
ನಮ್ಮದು ಅನಿಸುವ ವಿಷಯಕ್ಕೆ ಒಂದು ಪ್ರಯೋಗವೇ ಇದೆ. ಕಾನಮನ್, ನೆಟ್ಷ್, ಥೇಲರ್ ಅಂತ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟರು. ಆಮೇಲೆ ಮಾರಲು ಎಷ್ಟು ಕೇಳುತ್ತೀರಿ ಅಂತ ಇವರನ್ನು, ಕೊಳ್ಳಲು ಎಷ್ಟು ಕೊಡುತ್ತೀರಿ ಅಂತ ಉಳಿದವರನ್ನು ಕೇಳಿದರು. ಮಗ್ ಸಿಕ್ಕವರು ಕೇಳಿದ್ದು ಸುಮಾರು ಎರಡು ಪಟ್ಟು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ, ವರ್ಷಗಟ್ಟಲೆ ಮಂಚದ ಕೆಳಗೆ ಇದ್ದದ್ದಕ್ಕೆ?

ತಗಾದೆತಿಮ್ಮ
ಹಾಗಾದರೆ ಫೋನೂ ಕೈಯಲ್ಲೇ ಇತ್ತಲ್ಲ. ಅದನ್ನು ಯಾಕೆ ಸುಲಭವಾಗಿ ಬಿಡುತ್ತೇವೆ? ಪ್ರಯೋಗ ಅರ್ಧಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಬೆಕ್ಕಿನಮ್ಮ
ಫೋನ್ ಹಳತಾಗುತ್ತದೆ ಸರ್. ಗೀರು ಬೀಳುತ್ತದೆ, ನಿಧಾನ ಆಗುತ್ತದೆ, ಹೊಸದು ಬಂದು ಅದನ್ನು ಚಿಕ್ಕದು ಮಾಡುತ್ತದೆ. ಡಬ್ಬಿ ಹಳತಾಗುವುದಿಲ್ಲ. ಕೊಂಡ ದಿನದ ಆಸೆ ಅದರಲ್ಲಿ ಹಾಗೇ ಇರುತ್ತದೆ.

ಅಟ್ಟದಗುಬ್ಬಿ
ಬೆಕ್ಕಿನಮ್ಮ, ಚಪ್ಪಾಳೆ.

ನನ್ನ ಕಡೆಯಿಂದ ಒಂದು ನಾಚಿಕೆಗೇಡಿನ ಸುದ್ದಿ. ಡಬ್ಬಿಗಳನ್ನು ನೀಟಾಗಿ ಇಡಲು ಒಂದು ಕಪಾಟು ಕೊಂಡೆವು. ಕಪಾಟು ಬಂದ ಡಬ್ಬಿ ಈಗ ಕಪಾಟಿನ ಹಿಂದೆ ಇದೆ.

ಕಾಗದದಹುಲಿ
😂 ಇದಕ್ಕೆ ಫ್ರಾನ್ಸಿನ ಲೇಖಕ ಡಿಡೆರೋ ಹೆಸರಿದೆ. ಹೊಸ ನಿಲುವಂಗಿ ಉಡುಗೊರೆ ಬಂತು, ಅದರ ಮುಂದೆ ಕುರ್ಚಿ, ಮೇಜು, ಗೋಡೆಯ ಚಿತ್ರ ಎಲ್ಲ ಸಪ್ಪೆ ಕಂಡವು, ಒಂದೊಂದಾಗಿ ಬದಲಾಯಿಸಿದ, ಕೊನೆಗೆ ಹಳೇ ನಿಲುವಂಗಿಯೇ ಚೆನ್ನಾಗಿತ್ತು ಅಂತ ಪ್ರಬಂಧ ಬರೆದ. ಹದಿನೆಂಟನೇ ಶತಮಾನ. ಇದನ್ನು ಡಿಡೆರೋ ಪರಿಣಾಮ ಅಂತ ಕರೆದವನು ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರ್ಯಾಕನ್, 1988ರಲ್ಲಿ.

ಖಾಲಿಜಾಗ
ಹಾಗಾದರೆ ಎಸೆಯುವವರಿಗೆ ಒಂದು ಕೆಲಸದ ಮಾತು. ಯಾವ ಡಬ್ಬಿ ಮರುಬಳಕೆಗೆ ಹೋಗುತ್ತದೆ ಗೊತ್ತಾ? ನೀವು ಕಣ್ಣಿಗೆ ಒತ್ತಿಕೊಳ್ಳುವ ಫ್ಯಾನ್ಸಿ ಡಬ್ಬಿಯಲ್ಲ. ಅದರಲ್ಲಿ ಆಯಸ್ಕಾಂತ, ಪ್ಲಾಸ್ಟಿಕ್ ಪದರ, ಫೋಮು ಎಲ್ಲ ಸೇರಿರುತ್ತದೆ, ಬಿಡಿಸುವುದು ಕಷ್ಟ. ಸಾದಾ ಕಂದು ಬಣ್ಣದ ಸುಕ್ಕು ರಟ್ಟು ಸುಲಭವಾಗಿ ಮತ್ತೆ ಕಾಗದ ಆಗುತ್ತದೆ, ಪ್ರತಿ ಸಲ ನಾರು ಸ್ವಲ್ಪ ಗಿಡ್ಡ ಆಗುತ್ತಾ ಹಲವು ಸಲ. ಟೇಪ್ ಕಿತ್ತು, ಚಪ್ಪಟೆ ಮಾಡಿ, ಒಣಗಿದ್ದನ್ನೇ ಕೊಡಿ. ಎಣ್ಣೆ ಹತ್ತಿದ ರಟ್ಟು ಬೇಡ.

ಮಂಚದಡಿ
ಟಿವಿ ಡಬ್ಬಿಯೊಳಗಿನ ಥರ್ಮಾಕೋಲ್ ಏನು ಮಾಡುವುದು?

ಖಾಲಿಜಾಗ
ಅದು ಬಹುಪಾಲು ಗಾಳಿಯೇ. ಸಾಗಿಸಲು ಜಾಗ ಜಾಸ್ತಿ, ತೂಕ ಕಮ್ಮಿ, ಆದ್ದರಿಂದ ಹೆಚ್ಚಿನ ಕಡೆ ತೆಗೆದುಕೊಳ್ಳುವುದಿಲ್ಲ. ಸುಡಬೇಡಿ. ಮನೆ ಬದಲಾಯಿಸುವ ಯೋಚನೆ ಇದ್ದರೆ ಟಿವಿ ಡಬ್ಬಿ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಥರ್ಮಾಕೋಲ್ ಸಮೇತ.

ಲೆಕ್ಕಾಚಾರ
ಕೊನೆಗೂ ಒಂದು ಡಬ್ಬಿಗೆ ಅನುಮತಿ ಸಿಕ್ಕಿತು.

ತಗಾದೆತಿಮ್ಮ
ಒಂದು ಅಂದಿದ್ದಾರೆ. ಒಂದು. ಸ್ಪೀಕರ್ ಡಬ್ಬಿಯನ್ನು ಅದರೊಳಗೆ ಇಟ್ಟು ಲೆಕ್ಕ ಸರಿ ಮಾಡಬೇಡಿ.